ಕ್ಯೂಸೆಕ್ಸ್‌ನಲ್ಲಿ ಬರುವ ಎಚ್ಚರಿಕೆ

2019ರ ಆಗಸ್ಟ್ ನೆರೆ ಇಳಿದು ಕಾಲೇಜು ಮತ್ತೆ ಆರಂಭವಾದಾಗ ನಾನು ದ್ರವಗಳ ಚಲನೆಯ ಪಾಠ ಮಾಡುತ್ತಿದ್ದೆ. ಕೃಷ್ಣೆಯ ದಂಡೆಯ ಊರಿನಿಂದ ಬಂದಿದ್ದ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: “ಸರ್, ಎರಡು ಲಕ್ಷ ಕ್ಯೂಸೆಕ್ಸ್ ಅಂದ್ರ ನಮ್ಮ ಮನೀಗೆ ನೀರು ಬರ್ತದೋ ಇಲ್ಲೋ?”

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಇಷ್ಟನ್ನು ನಾನು ಥಟ್ಟನೆ ಹೇಳಬಲ್ಲವನಾಗಿದ್ದೆ. ಆದರೆ ಅವನು ಕೇಳಿದ್ದು ಅದಲ್ಲ. ನೆರೆಯ ದಿನಗಳಲ್ಲಿ ಅವರ ಮನೆಯವರು ಟಿ.ವಿ.ಯಲ್ಲಿ ಬಂದ ಅಂಕಿಗಳನ್ನೆಲ್ಲ ಕೇಳಿದ್ದರಂತೆ. ಕೊನೆಗೆ ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಲು ತೀರ್ಮಾನಿಸಿದವರು ಅವನ ಅಜ್ಜ. ನರಸೋಬವಾಡಿಯ ದೇವಸ್ಥಾನದಲ್ಲಿ ನೀರು ಎಷ್ಟರವರೆಗೆ ಬಂದಿದೆ ಎಂದು ನೆಂಟರಿಗೆ ಫೋನ್ ಮಾಡಿ ಕೇಳಿ ಅವರು ನಿರ್ಧರಿಸಿದರಂತೆ. ಪಂಚಗಂಗೆ ಕೃಷ್ಣೆಯನ್ನು ಕೂಡುವ ಜಾಗ ಅದು. ಅಜ್ಜನ ವಿಧಾನ ಸರ್ಕಾರದ ಪ್ರಕಟಣೆಗಿಂತ ವೈಜ್ಞಾನಿಕವಾಗಿತ್ತು ಎಂದರೆ ನಿಮಗೆ ಅತಿಶಯೋಕ್ತಿ ಎನಿಸಬಹುದು. ಅದನ್ನೇ ಇಲ್ಲಿ ವಿವರಿಸಲು ಹೊರಟಿದ್ದೇನೆ.

ಮೊದಲೇ ಒಂದು ಮಾತು. ನಮ್ಮಲ್ಲಿ ಮಾಪನವಿಲ್ಲ ಎಂಬ ಹಳೆಯ ದೂರು ಈಗ ಸಲ್ಲದು. ಭಾರತ ಹವಾಮಾನ ಇಲಾಖೆ 1875ರಿಂದ ಇದೆ. ಕೇಂದ್ರ ಜಲ ಆಯೋಗವು 1958ರಲ್ಲಿ ದೆಹಲಿಯ ಯಮುನೆಗೆ ಪ್ರವಾಹ ಮುನ್ಸೂಚನೆ ಕೊಡಲು ಆರಂಭಿಸಿತು. ಈಗ ಅದರ ಕೇಂದ್ರಗಳು ದೇಶದ ಪ್ರಮುಖ ನದಿಗಳ ಮೇಲೆಲ್ಲ ಇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಇವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಇಷ್ಟು ಸಾಂದ್ರವಾದ ಜಾಲ ಬೇರೆ ರಾಜ್ಯಗಳಲ್ಲಿ ಅಪರೂಪ, ನಾವು ಹೆಮ್ಮೆಪಡಬಹುದು. ನನ್ನ ಆಕ್ಷೇಪವಿರುವುದು ಅಳೆದುದನ್ನು ಜನರಿಗೆ ತಲುಪಿಸುವಾಗ ಬಳಸುವ ಪರಿಮಾಣಗಳ ಬಗ್ಗೆ.

‘ರೆಡ್ ಅಲರ್ಟ್’ ಅನ್ನೇ ತೆಗೆದುಕೊಳ್ಳಿ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಿದ್ದರೆ ಭಾರೀ ಮಳೆ, 204.4 ಮಿ.ಮೀ.ವರೆಗೆ ಅತಿ ಭಾರೀ, ಅದಕ್ಕೂ ಮೀರಿದರೆ ಅತ್ಯಂತ ಭಾರೀ. ವರ್ಗೀಕರಣ ಸ್ಪಷ್ಟವಾಗಿದೆ. ಆದರೆ ಬಣ್ಣ ಬಳಿಯುವುದು ಜಿಲ್ಲೆಗೆ. ಬೆಳಗಾವಿ ಜಿಲ್ಲೆಯ ಖಾನಾಪುರ ಘಟ್ಟದ ಅಂಚಿನಲ್ಲಿದೆ. ಅಲ್ಲಿ ಮಳೆ ಸುರಿಯುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿಯ ಹೊಳೆದಂಡೆಯವರಿಗೆ ಬರುವುದು ಮಹಾಬಳೇಶ್ವರ, ಕೊಯ್ನಾ, ರಾಧಾನಗರಿಯ ಕಡೆ ಬಿದ್ದ ಮಳೆಯ ನೀರು. ಇಲ್ಲಿ ಬಿಸಿಲಿದ್ದರೂ ಮನೆ ಮುಳುಗಬಹುದು. ನದಿಗೆ ಜಲಾನಯನ ಪ್ರದೇಶ ಗೊತ್ತೇ ಹೊರತು ಜಿಲ್ಲೆಯ ಗಡಿ ಗೊತ್ತಿಲ್ಲ. ಮಳೆಯ ಎಚ್ಚರಿಕೆಯನ್ನೇ ನೆರೆಯ ಎಚ್ಚರಿಕೆಯೆಂದು ಓದಿಕೊಂಡವರು ಎರಡು ಬಗೆಯಲ್ಲೂ ಮೋಸಹೋಗುತ್ತಾರೆ.

ಇನ್ನು ಕ್ಯೂಸೆಕ್ಸ್. “ರಾಜಾಪುರ ಬ್ಯಾರೇಜಿನಿಂದ ಇಷ್ಟು, ದೂಧಗಂಗೆಯಿಂದ ಇಷ್ಟು” ಎಂದು ಮಳೆಗಾಲದುದ್ದಕ್ಕೂ ಪತ್ರಿಕೆಗಳಲ್ಲಿ ಓದುತ್ತೇವೆ. ಅಣೆಕಟ್ಟೆಯ ಎಂಜಿನಿಯರರಿಗೆ ಇದು ಅತ್ಯಗತ್ಯ ಅಂಕಿ. 1 ಲಕ್ಷ ಕ್ಯೂಸೆಕ್ಸ್ ಒಂದಿಡೀ ದಿನ ಹರಿದರೆ 8.64 ಟಿ.ಎಂ.ಸಿ. ಆಗುತ್ತದೆ (86,400 ಸೆಕೆಂಡಿನಿಂದ ಗುಣಿಸಿ ನೋಡಿ). 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ಸ್ ದಾಟಿತ್ತು. ಈ ದರದಲ್ಲಿ ದಿನಕ್ಕೆ 43 ಟಿ.ಎಂ.ಸಿ.! ಸುಮಾರು 123 ಟಿ.ಎಂ.ಸಿ. ಸಾಮರ್ಥ್ಯದ ಆಲಮಟ್ಟಿ ಪೂರ್ತಿ ಬರಿದಾಗಿದ್ದರೂ ಮೂರು ದಿನದೊಳಗೆ ತುಂಬಿಬಿಡುತ್ತದೆ. ಅದರ ಕಾಲು ಭಾಗವನ್ನು, ಅಂದರೆ 31 ಟಿ.ಎಂ.ಸಿ.ಯನ್ನು, ಮುಂಚಿತವಾಗಿ ಖಾಲಿ ಇಟ್ಟಿದ್ದೇವೆ ಎನ್ನೋಣ. ಒಳಹರಿವು 5 ಲಕ್ಷ, ಹೊರಹರಿವು 4 ಲಕ್ಷವಾದರೆ ಆ ಜಾಗ ಮೂರೂವರೆ ದಿನ ಸಾಕಾಗುತ್ತದೆ. ಮೂರು ದಿನ ಮುಂಚೆ ಸಿಗುವ ಮಳೆ ಮುನ್ಸೂಚನೆಯ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ. ಕೊಯ್ನಾದಿಂದ ಆಲಮಟ್ಟಿಯವರೆಗಿನ ಅಣೆಕಟ್ಟೆಗಳ ಗೇಟುಗಳನ್ನು ಎರಡೂ ರಾಜ್ಯಗಳು ಒಂದೇ ಲೆಕ್ಕಪುಸ್ತಕದಿಂದ ನಡೆಸಬೇಕಾದ ಅಗತ್ಯವೂ ಅರ್ಥವಾಗುತ್ತದೆ.

ಸಾಂಗ್ಲಿಯ ನೆರೆಗೆ ಆಲಮಟ್ಟಿ ಕಾರಣವೇ ಎಂಬ ಜಗಳ ನಿಮಗೆ ಗೊತ್ತೇ ಇದೆ. 2019ರ ನೆರೆಯ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೆರೆ ಸಮಿತಿ, ಆಲಮಟ್ಟಿ ಕಾರಣವಲ್ಲ ಎಂದು 2020ರಲ್ಲಿ ವರದಿ ಕೊಟ್ಟಿತು. ವಾದ ಅಲ್ಲಿಗೂ ನಿಲ್ಲಲಿಲ್ಲ. ಗಂಟೆ ಗಂಟೆಯ ನೀರಿನ ಮಟ್ಟಗಳನ್ನು ನದಿಯುದ್ದಕ್ಕೂ ಒಂದೇ ನಕ್ಷೆಯ ಮೇಲೆ ಎರಡೂ ಕಡೆಯವರ ಮುಂದಿಟ್ಟರೆ ಪದವಿ ತರಗತಿಯ ವಿದ್ಯಾರ್ಥಿಯೂ ಉತ್ತರ ಹುಡುಕಬಲ್ಲ. ಜಗಳ ನಡೆಯುತ್ತಿರುವುದು ಹೇಳಿಕೆಗಳ ಮೇಲೆ, ದತ್ತಾಂಶದ ಮೇಲಲ್ಲ.

ಹೀಗೆ ಎಂಜಿನಿಯರರಿಗೆ ಉಪಯುಕ್ತವಾದ ಅಂಕಿಯನ್ನು ಊರಿನವರ ಮುಂದೆ ಹಾಗೆಯೇ ಸುರಿದರೆ ಏನಾಗುತ್ತದೆ? ಹರಿವಿನ ದರ ಮತ್ತು ನೀರಿನ ಎತ್ತರ ಎರಡೂ ಒಂದೇ ಅಲ್ಲ. ಒಂದಕ್ಕೊಂದು ನೇರ ಅನುಪಾತದಲ್ಲೂ ಇಲ್ಲ. ದಡದೊಳಗೇ ಹರಿಯುವ ಅಗಲವಾದ ನದಿಯಲ್ಲಿ ಹರಿವು ಆಳದ 5/3ನೇ ಘಾತಕ್ಕೆ ಅನುಪಾತವಾಗಿರುತ್ತದೆ ಎಂದು ಮ್ಯಾನಿಂಗ್ ಸೂತ್ರದಿಂದ ಸಿಗುತ್ತದೆ. ಅಂದರೆ ಹರಿವು ಎರಡರಷ್ಟಾದರೆ ಆಳ ಸುಮಾರು ಒಂದೂವರೆಯಷ್ಟಾಗುತ್ತದೆ. 10 ಮೀಟರ್ ಇದ್ದುದು 15 ಮೀಟರ್. ಆದರೆ ನೀರು ದಡ ಹತ್ತಿದೊಡನೆ ಲೆಕ್ಕ ಬೇರೆಯಾಗುತ್ತದೆ. ಆಮೇಲೆ ಅದು ಏರುವುದು ಕಡಿಮೆ, ಹರಡುವುದು ಹೆಚ್ಚು. ಸಾವಿರಕ್ಕೆ ಒಂದರಷ್ಟು ಇಳಿಜಾರಿರುವ ಬಯಲಿನಲ್ಲಿ ನೀರು ಒಂದಡಿ ಏರಿದರೆ ಅದರ ಅಂಚು ಸಾವಿರ ಅಡಿ ಮುಂದೆ ಬರುತ್ತದೆ. ಒಂದೇ ಕ್ಯೂಸೆಕ್ಸ್ ಒಂದು ಊರಿಗೆ ಹಬ್ಬದ ನೋಟ, ಪಕ್ಕದ ಊರಿಗೆ ಆಪತ್ತು.

ಇದಕ್ಕಿಂತ ಅಪಾಯಕಾರಿ ಸಂಗತಿ ಇನ್ನೊಂದಿದೆ. ನೆರೆ ಎಂಬುದು ಒಂದು ಅಲೆ. ಅಗಲವಾದ ನದಿಯಲ್ಲಿ ಈ ಅಲೆಯ ವೇಗ ನೀರಿನ ವೇಗದ ಸುಮಾರು 5/3ರಷ್ಟು. ನೀರು ಸೆಕೆಂಡಿಗೆ ಒಂದೂವರೆ ಮೀಟರ್ ಹರಿಯುತ್ತಿದ್ದರೆ ಅಲೆ ಗಂಟೆಗೆ 9 ಕಿ.ಮೀ. ಸಾಗುತ್ತದೆ, 90 ಕಿ.ಮೀ. ಕೆಳಗಿನ ಊರನ್ನು ಹತ್ತು ಗಂಟೆಯ ನಂತರ ಮುಟ್ಟುತ್ತದೆ. ಜೊತೆಗೆ, ಏರುತ್ತಿರುವ ನೆರೆಯಲ್ಲಿ ನೀರಿನ ಮೇಲ್ಮೈ ಹೆಚ್ಚು ಕಡಿದಾಗಿರುವುದರಿಂದ ಒಂದೇ ಜಾಗದಲ್ಲೂ ಮೊದಲು ಹರಿವು ಗರಿಷ್ಠವಾಗುತ್ತದೆ, ಆಮೇಲೆ ಮಟ್ಟ ಗರಿಷ್ಠವಾಗುತ್ತದೆ. ಆದ್ದರಿಂದ “ಹೊರಹರಿವು ಇಳಿಕೆ” ಎಂಬ ಸುದ್ದಿ ಬೆಳಿಗ್ಗೆ ಬಂದಾಗ ಕೆಳಗಿನ ಊರಿನಲ್ಲಿ ನೀರು ಇನ್ನೂ ಏರುತ್ತಿರಬಹುದು. ಬಿಟ್ಟು ಬಂದ ದವಸಧಾನ್ಯ ತರಲು ಜನ ಮನೆಗೆ ಮರಳುವುದು ಅಂಥ ಸುದ್ದಿ ಕೇಳಿಯೇ. ಸುದ್ದಿ ಸುಳ್ಳಲ್ಲ, ಆದರೆ ಅದು ಬೇರೊಂದು ಊರಿನ ಸುದ್ದಿ.

ಈಗ ಅಜ್ಜನ ವಿಧಾನಕ್ಕೆ ಬರೋಣ. ಮೇಲಿನ ಒಂದು ಗೊತ್ತಾದ ಜಾಗದ ನೀರಿನ ಮಟ್ಟ, ಅಲ್ಲಿಂದ ತಮ್ಮೂರಿಗೆ ಬರಲು ಬೇಕಾದ ಸಮಯ, ಹಿಂದಿನ ನೆರೆಗಳ ನೆನಪು: ಇವಿಷ್ಟೇ ಅವರ ಸಾಮಗ್ರಿ. ಜಲ ಆಯೋಗದವರು ಮೇಲಿನ ಕೇಂದ್ರದ ಮಟ್ಟಕ್ಕೂ ಕೆಳಗಿನ ಕೇಂದ್ರದ ಮಟ್ಟಕ್ಕೂ ಗ್ರಾಫ್ ಎಳೆದು ಮುನ್ಸೂಚನೆ ಕೊಡುವ ಹಳೆಯ ವಿಧಾನವೂ ಇದೇ ತತ್ವದ್ದು. ಅಂದರೆ ಎತ್ತರ ಮತ್ತು ಗಂಟೆಯಲ್ಲಿ ಮುನ್ಸೂಚನೆ ಕೊಡುವ ವಿದ್ಯೆ ಸರ್ಕಾರಕ್ಕೆ ಹೊಸದೇನಲ್ಲ. ಆದರೆ ಆಯೋಗ ಪ್ರಕಟಿಸುವ ಮಟ್ಟ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದಿರುತ್ತದೆ. ತನ್ನ ಹೊಸ್ತಿಲು ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂದು ನಿಮ್ಮಲ್ಲಿ ಯಾರಿಗೆ ಗೊತ್ತು? 2023ರ ಆಗಸ್ಟ್‌ನಲ್ಲಿ ಆಯೋಗ ‘ಫ್ಲಡ್‌ವಾಚ್ ಇಂಡಿಯಾ’ ಎಂಬ ಮೊಬೈಲ್ ಆ್ಯಪ್ ತಂದಿತು. ಒಳ್ಳೆಯ ಕೆಲಸವೇ. ಆದರೆ ಹೊರಬಂದಾಗ ಅದು ಮಾತನಾಡುತ್ತಿದ್ದುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ.

ಎಚ್ಚರಿಕೆ ಕೊಡಲು ನಮ್ಮವರಿಗೆ ಬರುವುದೇ ಇಲ್ಲ ಎನ್ನಬೇಡಿ. 1999ರ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು 10,000 ಜನ ಸತ್ತರು. 2013ರ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮುಂಚೆಯೇ ಸಾಗಿಸಲಾಯಿತು. ಸಾವಿನ ಸಂಖ್ಯೆ ಹತ್ತುಗಳಲ್ಲಿ ನಿಂತಿತು. ಅಲ್ಲಿ ಗಾಳಿಯ ವೇಗವನ್ನು ಹೇಳಿ ಸುಮ್ಮನಾಗಲಿಲ್ಲ. ಯಾವ ಊರಿನವರು ಎಷ್ಟು ಹೊತ್ತಿನೊಳಗೆ ಯಾವ ಆಶ್ರಯ ಕಟ್ಟಡಕ್ಕೆ ಹೋಗಬೇಕೆಂದು ಹೇಳಿದರು.

ಊರಿಗೊಂದು ಅಂಕಿ ಕೊಟ್ಟರೆ ಅದು ತಪ್ಪಾಗುವ ಸಂಭವವೂ ಹೆಚ್ಚುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ನದಿಯ ಅಡ್ಡಕೊಯ್ತ ಪ್ರತಿ ನೆರೆಯಲ್ಲೂ ಬದಲಾಗುತ್ತದೆ. ಮಲಪ್ರಭೆಯಂತಹ ನದಿಯಲ್ಲಿ ಒತ್ತುವರಿಯಿಂದ ಪಾತ್ರವೇ ಕಿರಿದಾಗಿ, ಹಿಂದಿನ ಗ್ರಾಫ್ ಹುಸಿಯಾಗಬಹುದು. ಎರಡು ಸಲ ಊರು ಬಿಡಿಸಿ ನೀರು ಬಾರದಿದ್ದರೆ ಮೂರನೆಯ ಸಲ ಯಾರೂ ಕದಲುವುದಿಲ್ಲ. ಆದರೆ ದೋಷದ ವ್ಯಾಪ್ತಿಯನ್ನೂ ಹೇಳುವುದು ನಾವು ಪ್ರಯೋಗಾಲಯದಲ್ಲಿ ಮೊದಲ ದಿನವೇ ಕಲಿಸುವ ಪಾಠವಲ್ಲವೇ? “ಶಾಲೆಯ ಮೆಟ್ಟಿಲಿಗೆ ನಾಳೆ ಸಂಜೆಯೊಳಗೆ, ಒಂದಡಿ ಆಚೀಚೆ” ಎಂದರೆ ಜನರಿಗೆ ಅರ್ಥವಾಗುತ್ತದೆ. ಕ್ಯೂಸೆಕ್ಸ್ ಹೇಳಿದವರು ತಪ್ಪುವುದೇ ಇಲ್ಲ, ನಿಜ. ಅವರು ಊರಿನ ಬಗ್ಗೆ ಏನನ್ನೂ ಹೇಳಿರುವುದಿಲ್ಲವಲ್ಲ!

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ, ಆಗಲೇ ಇದ್ದ ಅಣೆಕಟ್ಟುಗಳಿಗೆ ಐದು ವರ್ಷದೊಳಗೆ ತುರ್ತು ಕ್ರಿಯಾಯೋಜನೆ ಸಿದ್ಧಪಡಿಸಬೇಕೆಂದು ವಿಧಿಸಿತು. ಇಂಥ ಯೋಜನೆ ಕಚೇರಿಯ ಕಪಾಟಿನಲ್ಲಿ ಕುಳಿತರೆ ಫಲವಿಲ್ಲ. ಯಾವ ಮಟ್ಟಕ್ಕೆ ಎಲ್ಲಿಯವರೆಗೆ ನೀರು ಎಂಬ ಗೆರೆಯನ್ನು ಊರೊಳಗಿನ ಕಂಬಗಳ ಮೇಲೆ ಬಣ್ಣದಲ್ಲಿ ಬರೆಯಬೇಕು.

ಆ ವಿದ್ಯಾರ್ಥಿ ಮತ್ತು ಅವನ ಊರಿನ ಶಾಲೆಯ ಮೇಷ್ಟರು ಇದನ್ನು ಸಣ್ಣದಾಗಿ ಮಾಡಿದರು. 2019ರಲ್ಲಿ ನೀರು ನಿಂತ ಗುರುತು ಶಾಲೆಯ ಗೋಡೆಯ ಮೇಲೆ ಇನ್ನೂ ಇತ್ತು. ಅದರ ಕೆಳಗೆ ಅಡಿ ಅಡಿಗೆ ಗೆರೆ ಎಳೆದರು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಸೇತುವೆಯ ಕಂಬದವರೆಗೆ ಅದೇ ಮಟ್ಟವನ್ನು ಒಯ್ದರು. 2021ರ ಜುಲೈನಲ್ಲಿ ಮತ್ತೆ ನೆರೆ ಬಂದಾಗ ಜಲ ಆಯೋಗದ ಕುರುಂದವಾಡ ಕೇಂದ್ರದ ಮಟ್ಟವನ್ನೂ ತಮ್ಮ ಕಂಬದ ಮಟ್ಟವನ್ನೂ ಸಮಯದೊಂದಿಗೆ ಬರೆದುಕೊಂಡರು. ಗ್ರಾಫ್ ಹಾಳೆಯನ್ನು ನನಗೆ ತಂದು ತೋರಿಸಿದ. ಏರುವಾಗಿನ ಬಿಂದುಗಳು ಒಂದು ಗೆರೆಯ ಮೇಲೆ, ಇಳಿಯುವಾಗಿನವು ಇನ್ನೊಂದರ ಮೇಲೆ ಬಿದ್ದಿದ್ದವು. ತಾನೇನೋ ತಪ್ಪು ಅಳೆದಿರಬೇಕೆಂದು ಅವನಿಗೆ ಅನುಮಾನ. ತಪ್ಪಲ್ಲ ಎಂದು ವಿವರಿಸಲು ನನಗೆ ಒಂದು ಗಂಟೆ ಹಿಡಿಯಿತು. ನಿಮ್ಮ ಊರು ಹೊಳೆಯ ದಂಡೆಯಲ್ಲಿದ್ದರೆ ನೀವೂ ಮಾಡಬಹುದು. ಗೆರೆಗಳನ್ನು ಬೇಸಿಗೆಯಲ್ಲೇ ಎಳೆಯಿರಿ, ಅಂಕಿಗಳನ್ನು ರಸ್ತೆಯಿಂದ ಕಾಣುವಷ್ಟು ದೊಡ್ಡದಾಗಿ ಬರೆಯಿರಿ. ನೆರೆಯಲ್ಲಿ ಓದಲು ಯಾರೂ ನೀರಿನ ಹತ್ತಿರ ಹೋಗುವಂತಾಗಬಾರದು.