ತೋಟಕ್ಕೆ ಕಣಿ, ಚಟ್ಟಿಗೆ ಕೊಡೆ

ಪತ್ತನಾಜೆ ಕಳೆಯುತ್ತಿದ್ದಂತೆ ಪುತ್ತೂರು, ಸುಳ್ಯ, ಕಡಬದ ಮನೆಯಂಗಳಗಳಲ್ಲಿ ಹೂವಿನ ಚಟ್ಟಿಗಳ ವಲಸೆ ಶುರುವಾಗುತ್ತದೆ. ಅಡೀನಿಯಂ, ಕಳ್ಳಿ, ಲೋಳೆಸರ, ದಪ್ಪ ಎಲೆಯ ಸಕ್ಯುಲೆಂಟ್‌ಗಳು ಅಂಗಳದಿಂದ ಜಗಲಿಗೆ, ಜಗಲಿಯಿಂದ ಒಳಕೋಣೆಗೆ ಬರುತ್ತವೆ. ಜಾಗ ಸಾಲದಿದ್ದರೆ ಟರ್ಪಾಲು, ಅದೂ ಇಲ್ಲದಿದ್ದರೆ ಗೊಬ್ಬರ ಬಂದ ಪ್ಲಾಸ್ಟಿಕ್ ಗೋಣಿ. ಸೋಣ ತಿಂಗಳಲ್ಲಿ ಹೊದಿಕೆ ತೆಗೆದು ನೋಡಿದರೆ ಹಲವು ಗಿಡಗಳ ಬುಡ ಮೆತ್ತಗಾಗಿರುತ್ತದೆ. ಬೇಸಗೆಗೆ ನರ್ಸರಿಯಿಂದ ಮತ್ತೆ ಹೊಸತು. ಪ್ರತಿ ಮಳೆಗಾಲದಲ್ಲೂ ಸೋಲುವ ಈ ಕ್ರಮವನ್ನು ಯಾರೂ ಬಿಡದಿರುವುದೇ ಸೋಜಿಗ. ಅಡಿಕೆ ತೋಟದಲ್ಲಿ ಇದೇ ಮನೆಯವರು ಮಳೆಗೆ ಮುಂಚೆ ಕಣಿಯ ಹೂಳು ತೆಗೆಯಲು ಮರೆಯುವುದಿಲ್ಲ. ತೋಟದಲ್ಲಿ ನೀರಿಗೆ ದಾರಿ ಬಿಡಿಸುವವರು ಚಟ್ಟಿಗೆ ಮಾತ್ರ ಕೊಡೆ ಹಿಡಿಯುತ್ತಾರೆ.

ಹೆದರಿಕೆಗೆ ಕಾರಣವಿಲ್ಲ ಎಂದಲ್ಲ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟದ ಬುಡದ ಸುಬ್ರಹ್ಮಣ್ಯದ ಕಡೆ ಇನ್ನೂ ಜೋರು. ಅಡೀನಿಯಂನ ತವರು ಆಫ್ರಿಕಾದ ಸಹಾರಾ ಅಂಚಿನಿಂದ ಅರೇಬಿಯಾದವರೆಗಿನ ಒಣನೆಲ. ಆದರೆ ಮೇಲಿಂದ ಬೀಳುವ ಹನಿಯಿಂದ ಗಿಡ ಸಾಯುವುದಿಲ್ಲ. ಬೇರಿಗೂ ಉಸಿರಾಟವಿದೆ. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮಣ್ಣಿನ ಸಂದುಗಳಲ್ಲಿ ನೀರು ನಿಂತರೆ ಬೇರು ಉಸಿರುಗಟ್ಟಿ ಸೋಲುತ್ತದೆ; ಸೋತ ಬೇರಿಗೆ ಪಿಥಿಯಂ, ಫೈಟಾಫ್ತೊರದಂಥ ರೋಗಾಣುಗಳು ಹತ್ತುತ್ತವೆ. ಫೈಟಾಫ್ತೊರ ನಮಗೆ ಹೊಸಬನೇನಲ್ಲ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ, ಕೊಕ್ಕೋದ ಕಾಯಿಕೊಳೆ, ಮೂರೂ ಆ ಕುಲದವೇ. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಆದ್ದರಿಂದ ಗಿಡವನ್ನು ಕಾಯಬೇಕಾದದ್ದು ನಿಂತ ನೀರಿನಿಂದ, ನಿಂತ ಗಾಳಿಯಿಂದ.

ಇದಕ್ಕೆ ಪುರಾವೆ ಬೇಕಿದ್ದರೆ ಗುಡ್ಡೆಯಲ್ಲೇ ಇದೆ. ಪೋರ್ಚುಗೀಸರ ಜೊತೆ ಬ್ರೆಜಿಲ್‌ನಿಂದ ಬಂದ ಗೇರು ಬರ ತಡೆಯುವ ಮರ, ಬುಡದಲ್ಲಿ ನೀರು ನಿಂತರೆ ಸಹಿಸದು. ಹಾಗಿದ್ದೂ ನಾಲ್ಕು ತಿಂಗಳು ಬಿಡದೆ ಮಳೆ ಹೊಡೆಯುವ ಈ ಸೀಮೆಯಲ್ಲಿ ಅದು ಎಷ್ಟು ಚೆನ್ನಾಗಿ ನೆಲೆಯೂರಿತೆಂದರೆ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವೇ ಪುತ್ತೂರಿನಲ್ಲಿ ಆರಂಭವಾಯಿತು. ಗೇರನ್ನು ಯಾರೂ ಬಯಲಿನಲ್ಲಿ ನೆಡಲಿಲ್ಲ, ಮುರಕಲ್ಲಿನ ಇಳಿಜಾರಿನಲ್ಲಿ ನೆಟ್ಟರು. ರಕ್ಷಣೆಯ ಕೆಲಸ ಅಲ್ಲಿಗೇ ಮುಗಿಯಿತು. ದೇವಸ್ಥಾನದ ಅಂಗಳದ ದೇವಕಣಗಿಲೆ ಅಡೀನಿಯಂನ ಕುಟುಂಬದ್ದೇ. ಅದೂ ಒಣಹವೆ ತಡೆಯುವ ಪರದೇಶಿ. ಆಟಿಯ ಮಳೆಯಲ್ಲಿ ಅದಕ್ಕೆ ಟರ್ಪಾಲು ಕಟ್ಟಿದವರನ್ನು ಯಾರಾದರೂ ಕಂಡಿದ್ದೀರಾ? ಇನ್ನು ಮಾವಿನ ಕೊಂಬೆಯ ಮೇಲೆ ಕುಳಿತ ಸೀತಾಳೆ ದಂಡೆ. ಮಾರ್ಚ್‌ನ ಬಿಸಿಲನ್ನೂ ಜುಲೈಯ ಜಡಿಮಳೆಯನ್ನೂ ಅದು ತಲೆಯ ಮೇಲೆ ಯಾವ ಮಾಡೂ ಇಲ್ಲದೆ ಕಳೆಯುತ್ತದೆ. ಬೇರು ಗಾಳಿಯಲ್ಲಿದೆ, ನೆನೆದದ್ದು ಮಳೆ ಬಿಟ್ಟೊಡನೆ ಆರುತ್ತದೆ.

ಈ ಕಣ್ಣಿನಿಂದ ನೋಡಿದರೆ ನಮ್ಮ ಉಪಾಯಗಳಲ್ಲಿ ತೀರಾ ಕೆಟ್ಟದ್ದು ಗಿಡದ ಮೈಗೇ ಪ್ಲಾಸ್ಟಿಕ್ ಸುತ್ತುವುದು. ಒಳಗೆ ಬೆವರು ಹರಿದು ಎಲೆ, ಕಾಂಡ ದಿನವಿಡೀ ಒದ್ದೆ; ಹೊರಗಿನ ಮಳೆ ನಡುನಡುವೆ ಬಿಡುತ್ತದೆ, ಒಳಗಿನದು ಬಿಡುವುದಿಲ್ಲ. ಜಗಲಿ ಅದಕ್ಕಿಂತ ವಾಸಿ, ಆದರೆ ಇಳಿಮಾಡಿನ ಮನೆಯ ಜಗಲಿ ಮಳೆಗಾಲದ ಮಧ್ಯಾಹ್ನವೂ ಕತ್ತಲು. ಬೆಳಕಿಲ್ಲದೆ ಗಿಡದ ಕೆಲಸ ನಿಧಾನವಾಗುತ್ತದೆ, ನೀರು ಬಹುತೇಕ ಬೇಕಾಗುವುದಿಲ್ಲ. ಅಂಥ ಹೊತ್ತಲ್ಲಿ "ಒಳಗಿದೆಯಲ್ಲ, ಮಳೆ ತಾಗುವುದಿಲ್ಲ, ಪಾಪ" ಎಂದು ದಿನಕ್ಕೊಂದು ಚೊಂಬು ನೀರು ಹೊಯ್ಯುವವರಿದ್ದಾರೆ. ಮಳೆಯಿಂದ ಉಳಿದ ಗಿಡ ಹೀಗೆ ಕರುಣೆಯಿಂದ ಸಾಯುತ್ತದೆ. ಬದುಕಿದ್ದು ಉದ್ದುದ್ದ ಎಳೆದು ಬಿಳಿಚಿಕೊಂಡು, ಮಳೆ ಮುಗಿದು ಒಮ್ಮೆಲೇ ಬಿಸಿಲಿಗೆ ಇಟ್ಟಾಗ ಸುಟ್ಟುಹೋಗುತ್ತದೆ.

ಚಟ್ಟಿಯ ಒಳಗಿನ ವ್ಯವಹಾರ ಇನ್ನೂ ಗೊಂದಲದ್ದು. ನೀರು ಇಳಿಯಲಿ ಎಂದು ತಳಕ್ಕೆ ಜಲ್ಲಿ ಹಾಕುವುದನ್ನು ನಾವೆಲ್ಲ ಶಾಸ್ತ್ರದಂತೆ ನಂಬಿದ್ದೇವೆ. ನಡೆಯುವುದು ಉಲ್ಟಾ. ಸಣ್ಣ ಸಂದಿನ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ಸಂದಿನ ಜಲ್ಲಿಗೆ ಅದು ಇಳಿಯಬೇಕಾದರೆ ಮೇಲಿನ ಮಣ್ಣು ಪೂರ್ತಿ ನೆನೆದಿರಬೇಕು. ಆ ನೆನೆದ ಪದರ ಚಟ್ಟಿಯ ತಳದಲ್ಲಿರುವ ಬದಲು ಜಲ್ಲಿಯಷ್ಟು ಮೇಲೇರಿ ಬೇರಿನ ಬಳಿಗೇ ಬರುತ್ತದೆ. ಜಲ್ಲಿ ಬೇಕಾದದ್ದು ತಳದಲ್ಲಲ್ಲ, ಇಡೀ ಮಿಶ್ರಣದಲ್ಲಿ. ಕೆಂಪುಮಣ್ಣು, ಹಟ್ಟಿಗೊಬ್ಬರದ ಮಾಮೂಲು ಮಿಶ್ರಣ ದಾಸವಾಳಕ್ಕೆ ಸರಿ, ಅಡೀನಿಯಂಗೆ ಕೆಸರು. ನರ್ಸರಿಯಿಂದ ತೆಂಗಿನ ನಾರಿನ ಹುಡಿಯಲ್ಲಿ ಬಂದ ಗಿಡವನ್ನು ಹಾಗೆಯೇ ಮಳೆಗಾಲಕ್ಕೆ ಬಿಟ್ಟರೂ ಅದೇ ಗತಿ. ಆ ಹುಡಿ ನೀರು ಹಿಡಿಯುವುದಕ್ಕೇ ಹೆಸರಾದದ್ದು. ದಪ್ಪ ಹೊಯ್ಗೆ, ಇದ್ದಿಲು, ಒಡೆದ ಮಂಗಳೂರು ಹಂಚಿನ ಚೂರು ಮುಕ್ಕಾಲು ಪಾಲು ಇರಲಿ. ಮುರಕಲ್ಲಿನ ಚೂರೂ ಆದೀತು, ಆದರೆ ಜರಡಿ ಹಿಡಿಯಬೇಕು. ಕಲ್ಲು ಕೊಯ್ದಾಗ ಬರುವ ನುಣ್ಣನೆಯ ಹುಡಿ ಚಟ್ಟಿಯಲ್ಲಿ ಮತ್ತೆ ಮಣ್ಣಾಗಿ ತೂತು ಮುಚ್ಚುತ್ತದೆ. ಚಟ್ಟಿಯಡಿಯ ತಟ್ಟೆಯನ್ನಂತೂ ಮೇ ತಿಂಗಳಲ್ಲೇ ಎತ್ತಿಡಬೇಕು.

ತೋಟಕ್ಕೆ ಮದ್ದು ಬಿಟ್ಟು ಉಳಿದ ಬೋರ್ಡೋ ದ್ರಾವಣವನ್ನು ಚಟ್ಟಿಗಳಿಗೆ ಸುರಿಯುವುದು ಅಡಿಕೆ ಬೆಳೆಗಾರರ ಮನೆಗಳ ಇನ್ನೊಂದು ರೂಢಿ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗದ ಮೇಲೆ ಕೆಲಸ ಮಾಡಿ ಬಳಕೆಗೆ ತಂದ ಈ ಮದ್ದಿನ ಮೇಲೆ ನಮ್ಮವರಿಗಿರುವ ಭಕ್ತಿ ಸುಮ್ಮನೆ ಬಂದದ್ದಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಗೊನೆಯ ಮೇಲೆ ತೆಳ್ಳಗೆ ಅಂಟಿ ನಿಂತು ರೋಗಾಣು ಒಳಹೋಗದಂತೆ ತಡೆಯುವುದು ಅದರ ಗುಣ. ಎಲೆ, ಕಾಂಡಕ್ಕೆ ತೆಳುವಾಗಿ ಸಿಂಪಡಿಸಿದರೆ ಆಕ್ಷೇಪವಿಲ್ಲ. ಬುಡಕ್ಕೆ ಚೊಂಬುಗಟ್ಟಲೆ ಸುರಿದರೆ ಒದ್ದೆ ಮಣ್ಣಿಗೆ ಇನ್ನಷ್ಟು ಒದ್ದೆ, ಜೊತೆಗೆ ಎಲ್ಲಿಗೂ ಹೋಗದೆ ಚಟ್ಟಿಯಲ್ಲೇ ಸೇರುತ್ತ ಹೋಗುವ ತಾಮ್ರ. ಉಸಿರುಗಟ್ಟಿದ ಬೇರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ನನ್ನ ಮಟ್ಟಿಗೆ ಈ ಸೀಮೆಯ ಅತ್ಯುತ್ತಮ ಗಿಡಮನೆ ಈಗಾಗಲೇ ಹಲವು ಅಂಗಳಗಳಲ್ಲಿದೆ: ಅಡಿಕೆ ಒಣಗಿಸಲು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ ಮಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಡಿ ಕೆಲಸ ಕಡಮೆ. ನೆತ್ತಿಯ ಮೇಲೆ ಬೆಳಕು ಬರುತ್ತದೆ, ಮಳೆ ಬರುವುದಿಲ್ಲ. ಬದಿಯ ಪ್ಲಾಸ್ಟಿಕ್ಕನ್ನು ಮೇಲೆತ್ತಿ ಕಟ್ಟಿದರೆ ಗಾಳಿಯೂ ಆಡುತ್ತದೆ. ಚಟ್ಟಿಗಳನ್ನು ನೆಲಕ್ಕಿಡದೆ ಅಡಿಕೆ ಮರದ ಸಲಿಕೆಯ ಅಟ್ಟದ ಮೇಲೆ, ಒಂದಕ್ಕೊಂದು ತಾಗದಂತೆ ಇಡಬೇಕು. ಅಂಚಿನವಕ್ಕೆ ಎರಚಲು ಹೊಡೆಯುತ್ತದೆ, ಹೊಡೆಯಲಿ. ಹಿಂದೆ ಮಣ್ಣಿನ ಗೋಡೆಗೆ ಕಟ್ಟುತ್ತಿದ್ದ ಮಡಲಿನ ತಟ್ಟಿ ಗಾಳಿ ಬರುವ ಬದಿಗೆ ಒಂದಿದ್ದರೆ ಸಾಕು. ಈ ಮಾಡಿಲ್ಲದ ಪೇಟೆ ಮನೆಯವರು ಜೋರು ಮಳೆಯ ದಿನ ಅಡೀನಿಯಂ ಚಟ್ಟಿಯನ್ನು ಒಂದು ಬದಿಗೆ ಮಲಗಿಸಿಟ್ಟರೂ ನಡೆದೀತು. ನೋಡಲು ಚಂದವಿಲ್ಲ, ಉಪಾಯ ಮಾತ್ರ ಪಕ್ಕಾ. ಕಾಗದದ ಹೂವಿನ ಗಿಡಕ್ಕೆ ಇದ್ಯಾವುದೂ ಬೇಡ. ನೆಲದಲ್ಲಿ ಬುಡ ಎತ್ತರವಿದ್ದರೆ ಹೂ ಬಿಡದೆ ಎಲೆ ಬಿಟ್ಟುಕೊಂಡು ಮಳೆಗಾಲ ಕಳೆಯುತ್ತದೆ.

ಕಾಂಡದ ಬುಡ ಒತ್ತಿದಾಗ ಮೆತ್ತಗಿದ್ದರೆ ಮದ್ದು ಹುಡುಕುತ್ತ ಕೂರಬಾರದು. ಗಿಡ ಕಿತ್ತು, ಕೊಳೆತದ್ದನ್ನು ಬಿಳಿ ಭಾಗ ಕಾಣುವವರೆಗೆ ಕತ್ತರಿಸಿ, ಮಣ್ಣು ಸೋಕಿಸದೆ ಒಲೆಯ ಕೋಣೆಯ ಬಿಸುಪಿನಲ್ಲಿ ತೂಗುಹಾಕಿದರೆ ಅಡೀನಿಯಂ ವಾರಗಟ್ಟಲೆ ತಡೆಯುತ್ತದೆ. ಗಾಯ ಆರಿದ ಮೇಲೆ ನೆಡಬಹುದು. ದಕ್ಷಿಣ ಆಫ್ರಿಕಾದ ಕಲ್ಲುಗಿಡ ಲಿಥಾಪ್ಸನ್ನು ಆನ್‌ಲೈನಿನಲ್ಲಿ ತರಿಸಿ ಘಟ್ಟದ ಬುಡದ ಸುಬ್ರಹ್ಮಣ್ಯದಲ್ಲಿ ಸಾಕುತ್ತೇನೆನ್ನುವವರಿಗೆ ಮಾತ್ರ ನನ್ನಲ್ಲಿ ಯಾವ ಸಲಹೆಯೂ ಇಲ್ಲ.