ಕಡಿಯುವ ಕಿಣ್ವ, ತಡೆಯುವ ಪ್ರೋಟೀನು
ಜೀವಕೋಶಗಳ ಸುತ್ತ ಕೊಲಾಜೆನ್ ಮೊದಲಾದ ನಾರುಗಳ ಜಾಲವಿದೆ. ಅದನ್ನು ಕತ್ತರಿಸುವವು ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್ ಎಂಬ ಕಿಣ್ವಗಳು. ಇವುಗಳಲ್ಲಿ ಮೊದಲನೆಯದನ್ನು 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಕಂಡದ್ದು ಗೊದಮೊಟ್ಟೆಯ ಕರಗುವ ಬಾಲದಲ್ಲಿ. ಮನುಷ್ಯನಲ್ಲಿ 23 ಬಗೆಗಳಿವೆ. ಎಲ್ಲವೂ ಸತುವಿನ ಬಲದಿಂದ ದುಡಿಯುತ್ತವೆ. ಇವುಗಳಲ್ಲಿ ಕೊಲಾಜೆನನ್ನು ಕತ್ತರಿಸುವ ಕೊಲಾಜಿನೇಸ್‌ನ ನಿಖರತೆಯಂತೂ ಬೆರಗು ಹುಟ್ಟಿಸುತ್ತದೆ: ಮೂರೆಳೆಯ ಕೊಲಾಜೆನನ್ನು ಅದು ಒಂದೇ ನಿಗದಿತ ಜಾಗದಲ್ಲಿ, ಮುಕ್ಕಾಲು ಮತ್ತು ಕಾಲು ಪಾಲಾಗಿ ತುಂಡರಿಸುತ್ತದೆ.

ಈ ಕಿಣ್ವಗಳನ್ನು ತಡೆಯುವ ಟಿಂಪ್ ಪ್ರೋಟೀನುಗಳಲ್ಲಿ ನಾಲ್ಕೇ ಬಗೆ. ಒಂದು ಟಿಂಪ್ ಅಣು ಒಂದು ಕಿಣ್ವದ ಅಣುವಿನ ಸತುವಿಗೆ ಅಂಟಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ಎಷ್ಟು ಅಚ್ಚುಕಟ್ಟಾದ ಏರ್ಪಾಡು! ಆದರೆ ಈ ತಕ್ಕಡಿಯ ಸಮತೋಲ ತಪ್ಪಿದರೆ ಕೇಡು: ವಸಡಿನ ರೋಗದಲ್ಲಿ ಕಿಣ್ವಗಳು ಮಿತಿಮೀರಿ ಹಲ್ಲು ಸಡಿಲಾಗುತ್ತದೆ.

ಅಡಿಕೆ, ಗುಟ್ಕಾ ಜಗಿಯುವವರಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಅಡಿಕೆಯ ಅರೆಕೋಲಿನ್ ಟಿಂಪನ್ನು ಹೆಚ್ಚಿಸುತ್ತದೆ. ಟ್ಯಾನಿನ್ ಕೊಲಾಜೆನನ್ನು ಕಿಣ್ವಕ್ಕೆ ಜಗ್ಗದಂತೆ ಮಾಡುತ್ತದೆ. ಕರಗದೆ ಉಳಿದ ನಾರು ಕೆನ್ನೆಯೊಳಗೆ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಈ ಸ್ಥಿತಿ ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಚನ್ನಗಿರಿಯ ಅಡಿಕೆ ತೋಟಗಳಿರುವ ದಾವಣಗೆರೆ ಜಿಲ್ಲೆಗೆ ಇದು ದೂರದ ಮಾತಲ್ಲ. ದಾವಣಗೆರೆಯ ಆನೆಕೊಂಡದವರಿಗೆ ಊರಿನಲ್ಲೇ 1979ರಲ್ಲಿ ಆರಂಭವಾದ ಬಾಪೂಜಿ ದಂತ ಕಾಲೇಜಿದೆ. ಬಾಯಿ ಬಿಗಿಯತೊಡಗಿದರೆ ಅಡಿಕೆ ಬಿಟ್ಟು, ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು.