ಡೆಬಿಯನ್ ೧೩: ಕಾಲಗಣನೆಯೂ ಕರ್ತವ್ಯವೂ

ಯೂನಿಕ್ಸ್ ಸಂಪ್ರದಾಯವನ್ನು ಅನುಸರಿಸಿ ಸ್ವಯಂಸೇವಕರು ನಿರ್ಮಿಸುತ್ತ ಬಂದಿರುವ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ, ೧೯೯೩ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಹಿರಿಯವುಗಳಲ್ಲೊಂದು. ಅದರ ೧೩ನೆಯ ಸಂಖ್ಯೆಯ ಆವೃತ್ತಿಯಾದ 'ಟ್ರಿಕ್ಸಿ' ೨೦೨೫ರ ಆಗಸ್ಟ್ ೯ರಂದು ಪ್ರಕಟವಾಯಿತು.

ಇದರ ಗಮನಾರ್ಹ ಸಾಧನೆ ಕಾಲಗಣನೆಯ ಸುಧಾರಣೆ. ಯೂನಿಕ್ಸ್ ಪರಂಪರೆಯ ವ್ಯವಸ್ಥೆಗಳು ೧೯೭೦ರ ಜನವರಿ ೧ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. ೩೨ ಬಿಟ್ಟುಗಳ ಎಣಿಕೆಯು ೨೦೩೮ರ ಜನವರಿ ೧೯ರಂದು ತನ್ನ ಮಿತಿಯನ್ನು ಮುಟ್ಟುತ್ತದೆ. ೩೨ ಬಿಟ್ಟಿನ ಆರ್ಮ್ ಯಂತ್ರಗಳಲ್ಲಿಯೂ ಎಣಿಕೆಯನ್ನು ೬೪ ಬಿಟ್ಟುಗಳಿಗೆ ವಿಸ್ತರಿಸಿರುವುದು ದೂರದೃಷ್ಟಿಯ ಕಾರ್ಯವೆಂಬುದು ನಿರ್ವಿವಾದ.

ಆದರೆ ಐ೩೮೬ ವರ್ಗಕ್ಕೆ ಈ ಸುಧಾರಣೆ ಅನ್ವಯಿಸಲಿಲ್ಲ. ಹಳೆಯ ತಂತ್ರಾಂಶಗಳು ಕೆಡದಿರಲೆಂದು ಅಲ್ಲಿ ಹಿಂದಿನ ಎಣಿಕೆಯನ್ನೇ ಉಳಿಸಲಾಗಿದೆ. ಮೇಲಾಗಿ, ಆ ವರ್ಗಕ್ಕೆ ಕರ್ನಲ್ ಆಗಲಿ ಸ್ಥಾಪಕ ತಂತ್ರಾಂಶವಾಗಲಿ ಇನ್ನಿಲ್ಲ. ೧೯೯೧ರಲ್ಲಿ ಹೆಲ್ಸಿಂಕಿಯಲ್ಲಿ ಲಿನಕ್ಸ್ ಜನಿಸಿದ್ದು ಈ ಮನೆತನದ ಯಂತ್ರದ ಮೇಲೆಯೇ ಎಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು.

ಡೆಬಿಯನ್ನಿನ ೧೯೯೭ರ ಸಾಮಾಜಿಕ ಒಪ್ಪಂದದಲ್ಲಿ ಎರಡು ವಚನಗಳು ಮುಖ್ಯ: ದೋಷಗಳನ್ನು ಮರೆಮಾಚುವುದಿಲ್ಲ, ಬಳಕೆದಾರರ ಹಿತಕ್ಕೆ ಆದ್ಯತೆ ನೀಡುತ್ತೇವೆ. ಮೊದಲನೆಯದು ಇಲ್ಲಿ ಪೂರ್ಣವಾಗಿ ಪಾಲಿತವಾಗಿದೆ. ಐ೩೮೬ ಬಳಕೆದಾರರು ಹೊಸ ಆವೃತ್ತಿಗೆ ಬರಕೂಡದೆಂದು ಬಿಡುಗಡೆಯ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ. ಎರಡನೆಯದನ್ನು ಕುರಿತು ಹಾಗೆನ್ನಲಾಗದು. ಸಾಧ್ಯವಿದ್ದರೆ ೬೪ ಬಿಟ್ಟಿನ ವ್ಯವಸ್ಥೆಯನ್ನು ಸ್ಥಾಪಿಸಿರಿ, ಇಲ್ಲವೇ ಯಂತ್ರವನ್ನು ನಿವೃತ್ತಗೊಳಿಸಿರಿ ಎಂಬ ಸಲಹೆಯ ಉತ್ತರಾರ್ಧವು ಹೊಸ ಯಂತ್ರವನ್ನು ಕೊಳ್ಳಬಲ್ಲವನಿಗೆ ಮಾತ್ರ ಪರಿಹಾರ.

ಸ್ವಯಂಸೇವಕರ ಶ್ರಮ ಮಿತವಾದುದರಿಂದ ಈ ತ್ಯಾಗ ಅನಿವಾರ್ಯವಾಗಿದ್ದಿರಬಹುದು. ಆದರೂ ಅನಿವಾರ್ಯವಾದುದನ್ನೆಲ್ಲ ಪ್ರಗತಿಯೆಂದು ಎಣಿಸಲಾಗದು. ಲಾಭದೊಡನೆ ನಷ್ಟವನ್ನೂ ಬರೆದಿಟ್ಟಾಗಲೇ ಈ ಆವೃತ್ತಿಯ ಮೌಲ್ಯಮಾಪನ ನ್ಯಾಯವಾದೀತು.